ಭಾರ ಬರುವ ಮುನ್ನ

ದಿನಾ ನಾಲ್ಕು ಗಂಟೆಗೆ, ಎಂಟು ನಿಮಿಷದ ಮಟ್ಟಿಗೆ, ಭೂಮಿ ತನ್ನ ಹಿಡಿತ ಬಿಡುತ್ತಿತ್ತು. ಗದಗಿನ ಜನ ಅಷ್ಟು ಹೊತ್ತು ಎಮ್ಮೆಗಳನ್ನು ಬಿಗಿದು ಕಟ್ಟಿ, ಚಹಾದ ಕಿಟ್ಲಿಗೆ ಮುಚ್ಚಳ ಒತ್ತಿ ಕೂರುತ್ತಿದ್ದರು. ಮೈದಾನದಲ್ಲಿ ಮಾತ್ರ ಜಿಗಿತದಾಟ ನಡೆಯುತ್ತಿತ್ತು. ಮೆಲ್ಲಗೆ ಜಿಗಿದು ಮೇಲೇರಿ, ಸೊಂಟದ ಮೂರು ಮರಳುಚೀಲಗಳನ್ನು ಮೇಲಕ್ಕೆ ಎಸೆದು, ಆ ಎಸೆತದ ಒದೆತಕ್ಕೆ, ಭಾರ ಮರಳುವ ಮುನ್ನ ಕೆಳಗಿಳಿಯಬೇಕು.

ನೀಲವ್ವ ಇವತ್ತೇ ಮೊದಲ ಸಲ ಜಿಗಿದಿದ್ದಳು. ಐದಾಳೆತ್ತರ ದಾಟಿದಾಗ ಒಂದು ಚೀಲ ಬಿಚ್ಚಿದಳು. ಹಗುರಾದ ಹೊತ್ತಿನಲ್ಲಿ ಏನನ್ನೂ ಮೇಲೆ ಎಸೆಯಬಾರದು, ಆಮೇಲೆ ಯಾರದೋ ತಲೆ ಒಡೆಯುತ್ತದೆ ಎಂದು ಅವ್ವ ಚಿಕ್ಕಂದಿನಲ್ಲೇ ಹೊಡೆದು ಕಲಿಸಿದ್ದಳು. ಕೈ ತಾನಾಗಿ ಚೀಲವನ್ನು ಕೆಳಕ್ಕೆ ಎಸೆಯಿತು. ಅವಳು ಇನ್ನೂ ಜೋರಾಗಿ ಮೇಲೇರಿದಳು.

"ಏ ಹುಚ್ಚಿ, ಮ್ಯಾಲ ಒಗಿ! ಒಂದ ನಿಮಿಷ ಉಳದೈತಿ!" ಜಿಗಿತ ಕಲಿಸುವ ಯಂಕಪ್ಪ ಮಾಸ್ತರರು ಕೆಳಗಿನಿಂದ ಕಿರುಚಿದರು.

"ಕೆಳಗ ಮಂದಿ ಅದಾರ್ರೀ!"

"ಮಂದಿ ಸರೀತಾರ, ನೀ ಸಾಯ್ತಿ! ಒಗಿ!"

ಕಣ್ಣು ಮುಚ್ಚಿ ಉಳಿದೆರಡನ್ನೂ ಆಕಾಶಕ್ಕೆ ಎಸೆದಳು. ನೆಲ ನಿಧಾನವಾಗಿ ಹತ್ತಿರ ಬಂತು. ಇನ್ನೊಂದು ಆಳುದ್ದ ಇದ್ದಾಗ ಭಾರ ಮರಳಿತು. ಧೊಪ್ಪನೆ ಬಿದ್ದಳು, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಜನ ಚದುರಿ ಖಾಲಿಯಾದ ಜಾಗದಲ್ಲಿ ಚೀಲಗಳು ಬಿದ್ದು ಒಡೆದವು.

"ಸಾಕಾತಲ್ಲ ಆಟ?" ಮಾಸ್ತರರು ಕೇಳಿದರು.

ನೀಲವ್ವ ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ ಆಕಾಶ ನೋಡಿದಳು.

"ಎಷ್ಟ ಎತ್ತರ ಹೋಗಿದ್ನಿರೀ?"