ಪ್ಲಾಟ್‌ಫಾರ್ಮಿನ ತುದಿಯಲ್ಲಿ

ದೂರು ಬಂದದ್ದು ಇದು ಮೂರನೇ ಸಲ. ಮೆಟ್ರೊ ನಿಲ್ದಾಣದ ಕಸ ಗುಡಿಸುವ ಹೆಂಗಸು ನಮ್ಮ ಬಾಲ್ಕನಿಯನ್ನೇ ನೋಡುತ್ತ ನಿಲ್ಲುತ್ತಾಳೆ, ಮನೆಯಲ್ಲಿ ಚಿಕ್ಕ ಮಗುವಿದೆ, ಭಯವಾಗುತ್ತದೆ ಎಂದು ಎದುರಿನ ಅಪಾರ್ಟ್‌ಮೆಂಟಿನ ರಾಧಿಕಾ ಬರೆದುಕೊಟ್ಟಿದ್ದಳು.

ದಸ್ತಗೀರಸಾಬ ಕಾಗದ ಮಡಚಿಕೊಂಡು ಮೆಟ್ಟಿಲೇರಿದ. ಬೆಂಗಳೂರಿನ ಆ ಬಡಾವಣೆಯ ಮನೆಗಳ ನಡುವೆ ಕಂಬಗಳ ಮೇಲೆ ನಿಂತಿದ್ದ ನಿಲ್ದಾಣಕ್ಕೆ ಸ್ವಚ್ಛತೆಯ ಮೇಲ್ವಿಚಾರಕ ಅವನು. ಇಳಕಲ್ಲಿನವನು. ಅಲ್ಲಿ ಕಸ ಗುಡಿಸುವ ಕಸ್ತೂರಿಯೂ ಅತ್ತ ಕಡೆಯವಳೇ, ಬಾದಾಮಿ ಹತ್ತಿರದ ಚೊಳಚಗುಡ್ಡದವಳು. ಈ ನಿಲ್ದಾಣವೇ ಬೇಕೆಂದು ಕೇಳಿ ಕೆಲಸಕ್ಕೆ ಸೇರಿದ್ದಳು.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಅವಳು ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದಳು. ಕಣ್ಣು ಮಾತ್ರ ಎದುರಿನ ಮೂರನೇ ಮಹಡಿಯ ಮೇಲೆ. ಅಲ್ಲಿ ಎರಡು ವರ್ಷದ ಕೂಸೊಂದು ಸರಳು ಹಿಡಿದು ನಿಂತು ರೈಲಿಗೆ ಕೈ ಬೀಸುತ್ತಿತ್ತು. ಬಟ್ಟೆ ಒಣಹಾಕುತ್ತಿದ್ದ ರಾಧಿಕಾ ತಲೆ ಎತ್ತಿದಳು, ಕಸ್ತೂರಿಯನ್ನು ಕಂಡಳು, ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು.

“ಕಸ್ತೂರವ್ವ, ಇನ್ನೊಂದ್ ಸಲ ದೂರು ಬಂದ್ರ ನಿನ್ನ ಕೆಲಸ ಹೋಗ್ತೈತಿ. ಏನೈತಿ ಆ ಮನ್ಯಾಗ?”

ಅವಳು ಒರೆಸುವ ಕೋಲನ್ನು ಗೋಡೆಗೆ ಆನಿಸಿದಳು. “ನನ್ನ ಮಗಳ ಮನಿರಿ ಅದು.”

“ಮತ್ತ ಹೋಗಿ ಬಾಗಿಲಾ ಬಡೀಬೇಕಿಲ್ಲೊ?”

“ಅಳಿಯ ಬರಬ್ಯಾಡ ಅಂದಾನ. ಕೂಸಿಗೂ ನನ್ನ ಗುರ್ತ ಇಲ್ರಿ.”

“ಮಗಳು?”

ಕಸ್ತೂರಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಗ ಅವಳು ಊರಿನ ಬನಶಂಕರಿ ಗುಡಿಯ ಮುಂದೆ ರೊಟ್ಟಿ, ಮೊಸರು ಮಾರುತ್ತಿದ್ದಳಂತೆ. “ಬಾಣಂತನಕ್ಕ ಬಾ ಬೇ ಅಂತ ಫೋನ್ ಹಚ್ಚಿದ್ಲು. ಹುಣ್ಣಿಮಿ ವ್ಯಾಪಾರ ಮುಗಿಸಿ ಬರ್ತೇನಿ ಅಂದೆ. ಎರಡು ದಿನ ತಡಾ ಆತು. ಆಮ್ಯಾಲ ಒಂದ್ ಮಾತು ಆಡಿಲ್ರಿ ಅಕಿ.”

“ಎರಡು ದಿನಕ್ಕ ಇಷ್ಟು ಸಿಟ್ಟೇನು?”

ಅವಳು ಕೋಲನ್ನು ಮತ್ತೆ ಕೈಗೆತ್ತಿಕೊಂಡಳು. ಬಂದ ರೈಲು ಹೋಯಿತು. ಬಾಲ್ಕನಿ ಖಾಲಿಯೇ ಇತ್ತು.

ದಸ್ತಗೀರಸಾಬನಿಗೆ ಕಾಗದ ಜೇಬಿನಲ್ಲಿ ಭಾರವೆನಿಸಿತು. ಹೆತ್ತವಳು ಕಣ್ಣೆದುರಿಗೆ ನೆಲ ಒರೆಸುತ್ತಿದ್ದಾಳೆ, ಮಗಳು ಕಳ್ಳರ ಮೇಲೆ ಕೊಟ್ಟಂತೆ ದೂರು ಕೊಡುತ್ತಾಳೆ. ಅವನು ಕೆಳಗಿಳಿದು ರಸ್ತೆ ದಾಟಿ, ಮೂರನೇ ಮಹಡಿಗೆ ಹೋಗಿ ಗಂಟೆ ಒತ್ತಿದ.

ರಾಧಿಕಾ ಅರ್ಧ ಬಾಗಿಲು ತೆರೆದಳು. ಕೂಸು ಅವಳ ಕಂಕುಳಲ್ಲಿತ್ತು.

“ತಂಗಿ, ಅಕಿ ತಪ್ಪು ಮಾಡಿದ್ರೂ ಮಾಡಿರಬಹುದು,” ಎಂದ ಅವನು. “ಆದ್ರ ಹಡದವ್ವ. ಮೂರು ಸಲ ದೂರು ಕೊಟ್ಟೀರಿ, ಒಂದ್ ಸಲ ಒಳಗ ಕರೀರಿ.”

“ಯಾರವ್ವರಿ? ನಮ್ಮವ್ವ ಹುನಗುಂದದಾಗ ಅದಾಳ.”

“ಮತ್ತ ಅಕಿ ಇದು ನನ್ನ ಮಗಳ ಮನಿ ಅಂತಾಳಲ್ಲ.”

ರಾಧಿಕಾ ಕೂಸಿನ ಮುಖವನ್ನು ತನ್ನತ್ತ ತಿರುಗಿಸಿ, ಮೊದಲ ಸಲ ನೋಡುವವಳಂತೆ ನೋಡಿದಳು. ಅವಳ ದನಿ ತಗ್ಗಿತು.

“ನಾ ಎರಡನೇಕೀರಿ. ಇದರ ತಾಯಿ ಇದನ್ನ ಹಡದ ದಿನಾನ ತೀರಿಕೊಂಡಾಳ. ಅಕೀ ಕಡಿಯವರು ಯಾರೂ ಉಳದಿಲ್ಲ ಅಂತ ನಮ್ಮನಿಯವರು ಹೇಳಿದ್ರು.”