ನೆತ್ತಿಯ ಮೇಲಿನ ಸಾಲು

"ಆ ನಂಬರಿಗೆ ಮಾತ್ರ ಫೋನ್ ಮಾಡ್ಬೇಡಮ್ಮಾ!" ಕಾಲೊಯಾನ್ ಕುರ್ಚಿಯಿಂದ ಎದ್ದೇಬಿಟ್ಟ.

ಪ್ಲೊವ್‌ಡಿವ್ ನಗರದ ಬೊಂಬೆ ನಾಟಕಶಾಲೆಗೆ ಅವನು ವೆಬ್‌ಸೈಟ್ ಮಾಡುತ್ತಿದ್ದ. ಪುಟ ತಾನಾಗಿಯೇ ಪರದೆ ತುಂಬಬೇಕೆಂದು ಅವನಿಗಾಸೆ. ಬ್ರೌಸರ್ ಒಪ್ಪುತ್ತಿರಲಿಲ್ಲ. ನೋಡುವವರು ಒತ್ತಿದರಷ್ಟೇ ತುಂಬುತ್ತಿತ್ತು. ಆಗಲೂ ಪರದೆಯ ನೆತ್ತಿಯ ಮೇಲೆ ಬ್ರೌಸರಿನದೇ ಒಂದು ಎಚ್ಚರಿಕೆಯ ಸಾಲು ಬಂದು ಕೂರುತ್ತಿತ್ತು. ಅದನ್ನು ಹಾಕಿದವನಿಗೆ ಬೆಳಗಿನಿಂದ ಹಿಡಿಶಾಪ ಹಾಕುತ್ತಿದ್ದಾಗಲೇ ಅಮ್ಮನ ಫೋನ್ ಬಂದಿತ್ತು.

"ಯಾವಳೋ ಚೀಸ್ ತುಂಬಿ ಬಾನಿತ್ಸಾ ಬೇಯಿಸೋ ವಿಡಿಯೋ ಹಾಕಿದ್ಲು, ಹೆಂಗೆ ಕೆಡಿಸ್ತಾಳೆ ನೋಡೋಣ ಅಂತ ಒತ್ತಿದೆ ಕಣೋ. ಪರದೆ ತುಂಬ ಪೊಲೀಸ್ ಮುದ್ರೆ! ಕಂಪ್ಯೂಟರ್ ಜಪ್ತಿ ಆಗಿದೆಯಂತೆ, ಈ ನಂಬರಿಗೆ ಫೋನ್ ಮಾಡ್ಬೇಕಂತೆ."

"ಅದು ಕಳ್ಳರ ಪುಟ. ಮೌಸ್ ಮೇಲಕ್ಕೆ ತಳ್ಳು. ಏನಾದ್ರೂ ಬರೆದಿದೆಯಾ?"

"ಚಿಕ್ಕದಾಗಿದೆ, ತಡಿ... 'ಪೂರ್ಣ ಪರದೆಯಿಂದ ಹೊರಬರಲು ಎಸ್ಕೇಪ್ ಒತ್ತಿ.'"

ಕಾಲೊಯಾನ್ ತನ್ನ ಪರದೆಯ ನೆತ್ತಿಯ ಮೇಲಿದ್ದ ಅದೇ ಸಾಲಿನತ್ತ ನೋಡಿದ. "ಒತ್ತಮ್ಮಾ."

ಕಟಕ್ಕೆಂದಿತು. "ಅಯ್ಯೋ, ಪೊಲೀಸ್ ಮಾಯ! ಆ ಸಾಲು ಹಾಕಿದೋನ ಹೊಟ್ಟೆ ತಣ್ಣಗಿರ್ಲಿ ಕಣೋ!"

"ತಣ್ಣಗಿರ್ಲಿ," ಎಂದ ಕಾಲೊಯಾನ್, ಮೆಲ್ಲಗೆ. ಸಾಲನ್ನು ಮರೆಮಾಡಲು ಬೆಳಗಿನಿಂದ ಬರೆದಿದ್ದ ಕೋಡನ್ನೆಲ್ಲ ಅಳಿಸಿದ. ಪುಟದ ನಡುವೆ ಒಂದು ದೊಡ್ಡ ಗುಂಡಿಯನ್ನಿಟ್ಟು, ಅದರ ಮೇಲೆ ಬರೆದ: 'ತೆರೆ ಸರಿಸುವವರು ನೀವೇ. ಒತ್ತಿ.'