ಗೆಳತಿ ಎಂದರೆ ಸ್ವತಃ

ಹುಡುಗಿ ಬಾಗಿಲು ತಟ್ಟದೆ ಒಳಗೆ ನುಗ್ಗಿದಳು. ಎಡಗೈ ಮುಷ್ಟಿ ಬಿಗಿದಿತ್ತು.

“ಮೇಡಂ, ಅವಳು ಇವತ್ತು ಹೊರಟುಹೋಗ್ತಾಳೆ. ನಾಲ್ಕು ಗಂಟೆ ಬಸ್ಸಿಗೆ. ನೀವು ಈಗ್ಲೇ ಬನ್ನಿ.”

ಶಾಲೆಯ ಆಪ್ತಸಮಾಲೋಚಕಿ ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದಳು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಹದಿನೆಂಟು ವರ್ಷದ ಅನುಭವದಲ್ಲಿ ಇಂಥ ಅವಸರಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು.

“ಕೂತ್ಕೋ. ನೀರು ಕುಡಿ.”

“ಟೈಮಿಲ್ಲ ಮೇಡಂ. ಇದನ್ನ ನೋಡಿ.” ಮುಷ್ಟಿ ಮೇಜಿನ ಮೇಲೆ ಬಂತು.

“ಅದನ್ನ ಆಮೇಲೆ ನೋಡೋಣ. ಮೊದಲು ಫಾರಂ.”

ಆ ಕೋಣೆಯಲ್ಲಿ ಯಾವಾಗಲೂ ಮೊದಲು ಫಾರಂ. ಮಗು ಅತ್ತರೂ ಫಾರಂ, ಅಳದಿದ್ದರೂ ಫಾರಂ. ವರ್ಷದ ಕೊನೆಗೆ ತಪಾಸಣೆಗೆ ಬರುವವರು ಮಕ್ಕಳನ್ನು ನೋಡುವುದಿಲ್ಲ, ಫೈಲು ನೋಡುತ್ತಾರೆ. ಅವಳ ಫೈಲುಗಳನ್ನು ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಅಚ್ಚುಕಟ್ಟು.

ಈ ಹುಡುಗಿ ಮೊದಲ ಸಲ ಬಂದದ್ದು ಆರು ವಾರದ ಹಿಂದೆ. ಬಾಗಿಲಲ್ಲೇ ನಿಂತು, “ನನಗಲ್ಲ ಮೇಡಂ, ಟ್ಯೂಶನ್ನಲ್ಲಿ ನನ್ನ ಪಕ್ಕ ಕೂರೋ ಫ್ರೆಂಡಿಗೆ. ಪರೀಕ್ಷೆ ಅಂದ್ರೆ ಕೈ ನಡುಗುತ್ತೆ ಅವಳಿಗೆ. ಅವಳು ಬೇರೆ ಸ್ಕೂಲು,” ಅಂದಿದ್ದಳು.

ಸಮಾಲೋಚಕಿಗೆ ನಗು ಬಂದಿತ್ತು. ಫ್ರೆಂಡಂತೆ. ಫೇಲಾಗುವುದು ಫ್ರೆಂಡು, ಪ್ರೇಮಪತ್ರ ಬರೆಯುವುದು ಫ್ರೆಂಡು, ಚೀಟಿ ಇಟ್ಟು ಸಿಕ್ಕಿಬೀಳುವುದೂ ಫ್ರೆಂಡು. ಕಣ್ಣು ಬಿಟ್ಟಂದಿನಿಂದ ಮಕ್ಕಳು ಹೇಳುವ ಸುಳ್ಳು ಅದೊಂದೇ. ಈ ಕಸುಬಿಗೆ ನಿನ್ನೆ ಬಂದವರಿಗೂ ಅದು ಗೊತ್ತು. ‘ತೊಂದರೆ ಯಾರಿಗೆ’ ಎಂಬ ಜಾಗದಲ್ಲಿ ಅವಳು ‘ಸ್ವತಃ’ ಎಂದು ಬರೆದು ಅಡಿಗೆರೆ ಎಳೆದಳು. “ನಾನಲ್ಲ ಮೇಡಂ” ಎಂದು ಹುಡುಗಿ ಎರಡು ಸಲ ಹೇಳಿದಳು. ಅದನ್ನೂ ಬರೆದುಕೊಂಡಳು: ‘ನಿರಾಕರಣೆ, ಎರಡು ಬಾರಿ.’

ಅಲ್ಲಿಂದ ಫೈಲು ತುಂಬುತ್ತಲೇ ಹೋಯಿತು. ಎರಡನೆಯ ವಾರ, ನಿದ್ದೆಯಿಲ್ಲ. ಮೂರನೆಯ ವಾರ, ಊಟದ ಡಬ್ಬಿ ಹಾಗೇ ವಾಪಸ್ಸು. ಐದನೆಯ ವಾರ, ಯೂನಿಫಾರ್ಮು ಹಾಕಿಕೊಂಡು ಮನೆಯಿಂದ ಹೊರಡುತ್ತಾಳೆ, ಶಾಲೆಗೆ ಹೋಗದೆ ಪಾರ್ಕಿನಲ್ಲಿ ಕೂರುತ್ತಾಳೆ. ಎದುರಿಗಿದ್ದ ಹುಡುಗಿ ಆ ವರ್ಷ ಒಂದು ದಿನವೂ ಗೈರುಹಾಜರಾಗಿರಲಿಲ್ಲ. ಹಾಜರಿ ಪುಸ್ತಕ ಪಕ್ಕದ ಕೋಣೆಯಲ್ಲಿತ್ತು, ಎದ್ದು ಹೋದರೆ ಹತ್ತು ಹೆಜ್ಜೆ. ಸಮಾಲೋಚಕಿ ಏಳಲಿಲ್ಲ. ಪರಿಹಾರದ ಜಾಗದಲ್ಲಿ ಪ್ರತಿ ವಾರವೂ ಒಂದೇ ಸಾಲು: ‘ದೀರ್ಘ ಉಸಿರಾಟ ಕಲಿಸಲಾಯಿತು. ಸುಧಾರಣೆ ಇದೆ.’

ಈಗ ಏಳನೆಯ ಹಾಳೆ ತೆಗೆದಳು.

“ಭಯ ಎಷ್ಟಿದೆ? ಒಂದರಿಂದ ಹತ್ತರೊಳಗೆ ಹೇಳು.”

“ಯಾರಿಗೆ ಮೇಡಂ?”

“ನಿನ್ನ ಫ್ರೆಂಡಿಗೇ ಅಂತ ಇಟ್ಕೋ,” ಎಂದು ತುಟಿ ಕೊಂಕಿಸಿದಳು.

“ಹತ್ತು. ಬಸ್‌ಸ್ಟ್ಯಾಂಡಲ್ಲಿ ಕೂತಿದಾಳೆ ಮೇಡಂ, ಒಬ್ಬಳೇ. ಎಲ್ಲಿಗೆ ಅಂತ ಕೇಳಿದ್ರೆ, ಯಾರೂ ಮಾರ್ಕ್ಸ್ ಕೇಳದೇ ಇರೋ ಕಡೆಗೆ ಅಂದ್ಳು.”

‘ಪಲಾಯನದ ಕಲ್ಪನೆ,’ ಎಂದು ಬರೆದಳು. ಹುಡುಗಿಯ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ‘ಸಮಯದ ಒತ್ತಡ.’ ಎಡಗೈ ಇನ್ನೂ ಬಿಚ್ಚಿರಲಿಲ್ಲ. ‘ಮುಷ್ಟಿ ಬಿಗಿತ: ಆತಂಕದ ಲಕ್ಷಣ.’ ಇನ್ನೂ ಒಂಬತ್ತು ಪ್ರಶ್ನೆಗಳಿದ್ದವು. ಒಂದನ್ನೂ ಬಿಡಲಿಲ್ಲ.

“ಅವಳ ತಾಯಿ ಏನು ಮಾಡ್ತಿದಾರೆ?”

“ಕೆಲಸಕ್ಕೆ ಹೋಗ್ತಾರೆ. ಮನೆಗೆ ಬಂದ ತಕ್ಷಣ ಮಾರ್ಕ್ಸ್ ಕೇಳ್ತಾರೆ. ಬೇರೆ ಏನೂ ಕೇಳಲ್ಲ.”

“ಅವರಿಗೆ ಯಾರಾದ್ರೂ ಹೇಳಬೇಕಲ್ವಾ?”

“ಆರು ವಾರದಿಂದ ಹೇಳ್ತಾನೇ ಇದೀನಿ ಮೇಡಂ. ಕೇಳಿಸ್ಕೊಳ್ಳಲ್ಲ.”

ಇದು ಮಾತ್ರ ಸಮಾಲೋಚಕಿಗೆ ಅಸಹ್ಯ ಹುಟ್ಟಿಸಿತು. ಮಕ್ಕಳನ್ನು ಹೆತ್ತರೆ ಸಾಕೇ? ಇಂಥ ತಾಯಂದಿರನ್ನು ಕರೆದುಕೊಂಡು ಹೋಗಿ ತನ್ನ ಮನೆ ತೋರಿಸಬೇಕು. ಅವಳಿಗೂ ಇದೇ ವಯಸ್ಸಿನ ಮಗಳಿದ್ದಳು. ಊರಿನ ದೊಡ್ಡ ಶಾಲೆ, ಓದಿನಲ್ಲಿ ಎತ್ತಿದ ಕೈ, ಒಂದು ದಿನ ಭಯ ಅಂದವಳಲ್ಲ. ಎರಡು ವರ್ಷದ ಹಿಂದೆ ತರಗತಿಗೇ ಮೊದಲಿಗಳಾದಾಗ ಕೈಗಡಿಯಾರ ಕೊಡಿಸಿದ್ದಳು. ಈಚೆಗೆ ಅದರ ಪಟ್ಟಿ ಮಣಿಕಟ್ಟಿನಲ್ಲಿ ನಿಲ್ಲದೆ ಜಾರುತ್ತಿತ್ತು. ಬೆಳೆಯುವ ವಯಸ್ಸು, ಮೈ ಉದ್ದಕ್ಕೆ ಎಳೆಯುತ್ತಿದೆ ಎಂದುಕೊಂಡು, ಸೂಜಿ ಕಾಯಿಸಿ ಡಯಲಿನ ಕಡೆಗೆ ಇನ್ನೊಂದು ತೂತು ಮಾಡಿಕೊಟ್ಟಿದ್ದಳು. ತಾಯಿಯೆಂದರೆ ಇಷ್ಟಾದರೂ ಗಮನ ಇರಬೇಕು.

‘ತಾಯಿ ಬೇಜವಾಬ್ದಾರಿ. ಮಗಳ ಮುಖವನ್ನೇ ನೋಡದ ಹೆಂಗಸು,’ ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದಳು. ಮೊಹರು ಒತ್ತಿದಳು. ಆಮೇಲೆ ಫೋನು ಹತ್ತಿರಕ್ಕೆ ಎಳೆದುಕೊಂಡಳು.

“ನಿಮ್ಮಮ್ಮನ ನಂಬರ್ ಹೇಳು. ಅವರನ್ನ ಇವತ್ತು ಸುಮ್ಮನೆ ಬಿಡಲ್ಲ ನಾನು.”

ಹುಡುಗಿ ಗಡಿಯಾರದಿಂದ ಕಣ್ಣು ಕಿತ್ತು ಅವಳನ್ನು ನೋಡಿದಳು. ಆ ನೋಟದಲ್ಲಿ ಭಯವಿರಲಿಲ್ಲ. ತಿರಸ್ಕಾರವಿತ್ತು.

“ಹೆಸರು ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀನಿ ಮೇಡಂ. ಅಮ್ಮನಿಗೆ ಗೊತ್ತಾದ್ರೆ ಬೈತಾರೆ ಅಂದಿದ್ಳು. ಅದಕ್ಕೇ, ನೀವಾಗೇ ತಿಳ್ಕೊಳ್ತೀರ ಅಂತ ಪ್ರತಿ ವಾರ ಬಂದೆ. ಇಲ್ಲಿಗೆ ಬರೋ ಮುಂಚೆ ಬಸ್‌ಸ್ಟ್ಯಾಂಡಲ್ಲಿ ಇದನ್ನ ಕೊಟ್ಟು, ನೀನೇ ಇಟ್ಕೋ, ನಂಗಿನ್ನು ಬೇಡ ಅಂದ್ಳು.”

ಅವಳು ಮುಷ್ಟಿ ಬಿಚ್ಚಿ ಅದನ್ನು ಫಾರಂ ಮೇಲಿಟ್ಟಳು, ಸಹಿಯ ಪಕ್ಕದಲ್ಲೇ.

ಕೈಗಡಿಯಾರ. ಪಟ್ಟಿಯಲ್ಲಿ, ಡಯಲಿನ ಕಡೆಗೆ, ಕಾದ ಸೂಜಿಯಿಂದ ಸುಟ್ಟು ಮಾಡಿದ ಒಂದು ತೂತು; ಮುಳ್ಳು ನಾಲ್ಕು ದಾಟಿ ಐದು ನಿಮಿಷವಾಗಿತ್ತು.